ನನ್ನ ಡಬ್ಬಿಯ ಚಿತ್ರಾನ್ನ

ಬೈಲಹೊಂಗಲಕ್ಕೆ ಬಂದಿಳಿದ ದಿನ ಮನೆಯೊಡತಿ ಬಾಗಿಲು ಪೂರ್ತಿ ತೆರೆಯುವ ಮೊದಲೇ ಕೇಳಿದ್ದು, "ಅಡ್ಡಹೆಸರೇನ್ರಿ?" ನಮ್ಮ ಮೈಸೂರಿನ ಕಡೆ ಹೆಸರಿನ ಹಿಂದೋ ಮುಂದೋ ಒಂದು ಇನಿಷಿಯಲ್ ಇದ್ದರೆ ಮುಗಿಯಿತು. ಇಲ್ಲಿ ಮನೆತನದ ಅಡ್ಡಹೆಸರು ಹೇಳಿದರೆ ಕುಲ, ಕಸುಬು, ಕೇರಿ ಎಲ್ಲ ಹೇಳಿದಂತೆ. "ನಮ್ಮಲ್ಲಿ ಅದು ಇರೋಲ್ಲ" ಎಂದೆ. "ಅಡ್ಡಹೆಸರ ಇಲ್ಲದ ಮಂದಿ ಇರತಾರೇನ್ರಿ?" ಎಂದು ನಕ್ಕಳು. ಕೋಣೆಯನ್ನಂತೂ ಕೊಟ್ಟಳು.

ನನ್ನ ಕೆಲಸ ಆಪ್ತಸಮಾಲೋಚಕಿಯರಿಗೆ ತರಬೇತಿ ಕೊಡುವುದು. ನೊಂದವರ ಮಾತು ಕೇಳುವಾಗ ಜಾತಿ ನಡುವೆ ಬಂದು ಕೂರದಂತೆ ನೋಡಿಕೊಳ್ಳುವುದನ್ನು ಕಲಿಸಬೇಕು. ಕಿತ್ತೂರು, ರಾಮದುರ್ಗದಿಂದೆಲ್ಲ ಹೆಂಗಸರು ಬರುವ ಕೇಂದ್ರ. ಅಲ್ಲಿ ನನಗೆ ಹತ್ತಿರವಾದವಳು ಮುರಗೋಡದ ಸಮಾಲೋಚಕಿ ಶೋಭಾ ಒಬ್ಬಳೇ. ಮಧ್ಯಾಹ್ನ ಎಲ್ಲರೂ ಸುತ್ತ ಕೂತು ಬುತ್ತಿ ಬಿಚ್ಚಿ, ಕೇಳದೆಯೇ ಒಬ್ಬರ ಡಬ್ಬಿಗೆ ಒಬ್ಬರು ಕೈ ಹಾಕುತ್ತಾರೆ. ನನ್ನ ಚಿತ್ರಾನ್ನ ಎಲ್ಲಕ್ಕಿಂತ ಮೊದಲು ಖಾಲಿಯಾಗುತ್ತಿತ್ತು. ಸಂಜೆ ಕೋಣೆಗೆ ಹೋದರೆ ಮಾತಾಡಲು ಗೋಡೆ ಬಿಟ್ಟರೆ ಯಾರೂ ಇಲ್ಲ. ಆ ಒಂದು ಊಟಕ್ಕಾಗಿಯೇ ಕಾಯುತ್ತಿದ್ದೆ.

ಒಂದು ದಿನ ಊಟವಾದ ಮೇಲೆ ಅಭ್ಯಾಸಕ್ಕೆಂದು ಎಲ್ಲರೆದುರು ನಾನು ನೊಂದು ಬಂದವಳಾದೆ, ಶೋಭಾ ಸಮಾಲೋಚಕಿ. ಪ್ರೀತಿಯಿಂದಲೇ ಶುರು ಮಾಡಿದಳು: "ಕುಂದರ್ರಿ ಅಕ್ಕಾರ. ಅಡ್ಡಹೆಸರ ಹೇಳ್ರಿ."

ಜಾತಿ ಹೇಳಿದರೆ ಮಧ್ಯಾಹ್ನದ ಆ ಊಟದ ಜೊತೆ ತಪ್ಪಬಹುದು ಎಂದು ಹೆದರಿಕೆಯಾಯಿತು. ಹೇಳದಿದ್ದರೆ ನಾನು ಕಲಿಸುವುದಾದರೂ ಏನನ್ನು? "ನಾವು ದಲಿತರು. ಅಪ್ಪನ ಕಾಲಕ್ಕೆ ಬೌದ್ಧರಾದೆವು" ಎಂದೆ.

"ಇರ್ಲಿ ಬಿಡ್ರಿ, ನಾವೇನ ಭೇದ ಮಾಡಂಗಿಲ್ಲ" ಎಂದವಳು ತಡೆದಳು. "ಮೇಡಂ, ಇದು ಆಟದಾಗಿಂದೋ, ಖರೇನೋ?"

"ಖರೇನೇ. ಆದರೆ ಭೇದ ಮಾಡಲ್ಲ ಅಂತ ನನಗೆ ಯಾಕೆ ಹೇಳಬೇಕಾಯಿತು?"

ಶೋಭಾ ಆ ಪ್ರಶ್ನೆಯನ್ನು ತನ್ನ ವಹಿಯಲ್ಲಿ ಬರೆದುಕೊಂಡಳು.

ಮರುದಿನ ರಾಮದುರ್ಗದಿಂದ ಒಬ್ಬ ಹೆಂಗಸು ಬಂದಳು. ಆಕೆಯ ಒಪ್ಪಿಗೆ ಪಡೆದು ನಾನೂ ಮೂಲೆಯಲ್ಲಿ ಕೂತೆ. ಶೋಭಾ ಕೇಳಿದ್ದು ಇಷ್ಟೇ, "ನಿಮ್ಮನ್ನ ಏನಂತ ಕರೀಲ್ರಿ?" ಆ ಹೆಂಗಸು ಹೆಸರು ಹೇಳಿ, ಅತ್ತು, ಹಗುರಾಗಿ ಹೋದಳು. ನನಗೆ ಹಿಡಿಸಲಾರದಷ್ಟು ಸಂತೋಷ.

"ಹೆಂಗ ಮಾಡಿದ್ನಿರಿ?" ಎಂದಳು ಶೋಭಾ.

"ಭಾಳ ಚಲೋ ಮಾಡಿದ್ರಿ" ಎಂದೆ, ಅವರದೇ ಮಾತಿನಲ್ಲಿ.

ಊಟಕ್ಕೆ ಕೂತಾಗ ಎಂದಿನಂತೆ ನನ್ನ ತಟ್ಟೆಗೆ ಜೋಳದ ರೊಟ್ಟಿ ಹಾಕಿದಳು. ನಾನು ಚಿತ್ರಾನ್ನದ ಡಬ್ಬಿ ಅವಳತ್ತ ಸರಿಸಿದೆ. "ಈ ವಾರ ಅನ್ನ ಬಿಟ್ಟೀನ್ರಿ" ಎಂದಳು ನೆಲ ನೋಡುತ್ತ, ತನ್ನ ಡಬ್ಬಿಯ ಅನ್ನಕ್ಕೆ ಮೊಸರು ಕಲಸುತ್ತಲೇ. ಉಳಿದವರ ಕೈಯೂ ನನ್ನ ಡಬ್ಬಿಯ ಕಡೆ ಬರಲಿಲ್ಲ.

ಮೈಸೂರಿನಲ್ಲಾಗಿದ್ದರೆ ಎದ್ದು ಹೋಗುತ್ತಿದ್ದೆ. ಅಲ್ಲಿ ಹೋಗಲು ಮನೆಯಿದೆ. ಇಲ್ಲಿ ಇವಳ ಪಕ್ಕ ಬಿಟ್ಟರೆ ನನಗೆ ಜಾಗವಿಲ್ಲ. ಸಿಟ್ಟು ಬಂತು, ಅಳುವೂ ಬಂತು. ರೊಟ್ಟಿ ಮುರಿದು ತಿಂದೆ.

"ಇನ್ನೊಂದ ಹಾಕ್ಲೇನ್ರಿ?" ಎಂದಳು.

"ಹಾಕ್ರಿ" ಎಂದೆ.