ಒತ್ತೆಗೆ ಇಟ್ಟ ಎಲೆಯ ಸಂಚಿ

ನನ್ನ ಮೊಮ್ಮಗಳು ಸಾಲಿಯಲ್ಲಿ ಕೂತಿದ್ದು ನನ್ನಿಂದಲೂ ಅಲ್ಲ, ಮೇಷ್ಟ್ರಿಂದಲೂ ಅಲ್ಲ. ನನ್ನ ಎಲೆ ಅಡಿಕೆಯ ಸಂಚಿಯಿಂದ. ಇದನ್ನು ಕೇಳಿದವರಿಗೆ ಹೇಳಿದ್ದೇನೆ, ಕೇಳದವರನ್ನು ನಿಲ್ಲಿಸಿಯೂ ಹೇಳಿದ್ದೇನೆ. ಈಗ ಅವಳು ನಾಲ್ಕನೇ ಕ್ಲಾಸು. ನಾನಿಲ್ಲಿ ತಪ್ಪು ಬರೆದರೆ ತಿದ್ದಲು ಪಕ್ಕದಲ್ಲೇ ಕೂತಿದ್ದಾಳೆ.

ಆಗಿನ್ನೂ ನಮ್ಮ ಬಳ್ಳಾರಿ ಮದರಾಸಿನ ಕೈಯಲ್ಲಿತ್ತು. ಸಿರುಗುಪ್ಪದಲ್ಲಿರುವ ನನ್ನ ಮಗಳಿಗೆ ಎರಡನೆಯದು ತೊಟ್ಟಿಲಲ್ಲಿತ್ತು. ದೊಡ್ಡದನ್ನು ನಾನು ಓದಿಸುತ್ತೇನೆ ಎಂದು ಸತ್ಯನಾರಾಯಣಪೇಟೆಯ ನಮ್ಮ ಮನೆಗೆ ತರಿಸಿಕೊಂಡೆ. ಅಳಿಯಂದಿರೇ ತಂದು ಬಿಟ್ಟರು. ಹೊರಡುವಾಗ ಚಪ್ಪಲಿ ಮೆಟ್ಟಿಕೊಳ್ಳುತ್ತಾ ಹೇಳಿದರು:

"ಎಂಟು ದಿನ ನೋಡ್ರಿ ಅತ್ತೀ. ಕುಂತ್ಲು ಅಂದ್ರ ಸರಿ. ಇಲ್ಲಾಂದ್ರ ಬರೋ ಸೋಮವಾರ ಬಂದು ಕರ್ಕೊಂಡು ಹೋಗ್ತೀನಿ. ಹೆಣ್ಣು ಹುಡುಗಿ, ಏನು ಅವಸರ ಐತಿ? ಮುಂದಿನ ವರ್ಷ ನೋಡಾನು."

ಕೆಟ್ಟ ಮನುಷ್ಯರಲ್ಲ ಅವರು. ಆದರೆ ಆ 'ಮುಂದಿನ ವರ್ಷ' ನನಗೆ ಚೆನ್ನಾಗಿ ಗೊತ್ತು. ಕುರುಗೋಡಿನಲ್ಲಿ ನಾನು ಚಿಕ್ಕವಳಿದ್ದಾಗ ಸಾಲಿಯಲ್ಲಿ ಕೂತು ಅತ್ತೆನೆಂದು ನಮ್ಮಪ್ಪನೂ ಹಾಗೇ ಅಂದಿದ್ದ. ಆ ಮುಂದಿನ ವರ್ಷ ಇನ್ನೂ ಬಂದಿಲ್ಲ. ನನಗೆ ಬರುವ ನಾಲ್ಕಕ್ಷರ ಆಮೇಲೆ ಅಣ್ಣನ ಪುಸ್ತಕ ಕದ್ದು ನೋಡಿ ಕಲಿತದ್ದು.

ಸಾಲಿ ನಮ್ಮ ಓಣಿಯ ಕೊನೆಗೆ. ಒಂದೇ ಪಡಸಾಲೆ, ಮುಂದೊಂದು ಬೇವಿನ ಮರ, ವಯಸ್ಸಾದ ಒಬ್ಬರೇ ಮೇಷ್ಟ್ರು. ಮೊದಲ ದಿನ ಬೆಲ್ಲ ಪುಟಾಣಿ ಹಂಚಿ, ಅವಳನ್ನು ಕೂಡಿಸಿ ಎದ್ದೆ. ಸೆರಗು ಬರಲಿಲ್ಲ. ತಿರುಗಿ ನೋಡಿದರೆ ಎರಡೂ ಕೈಯಲ್ಲಿ ಹಿಡಿದಿದ್ದಾಳೆ. ಸರಿ, ನಾನೂ ಕೂತೆ. ಹಾಗೆ ಮೂರು ದಿನ ಕೂತೆ. ಮಕ್ಕಳು ಮಗ್ಗಿ ಹೇಳುವಾಗ ನನ್ನ ಬಾಯಿಯೂ ಸುಮ್ಮನಿರಲಿಲ್ಲ.

"ಅಜ್ಜೀ, ಹಾಜರಿ ಪುಸ್ತಕದಾಗ ನಿಮ್ಮ ಹೆಸರೂ ಬರೀಲೇನು?" ಎಂದರು ಮೇಷ್ಟ್ರು. ಮಕ್ಕಳೆಲ್ಲ ನಕ್ಕವು. ನಾಲ್ಕನೆಯ ದಿನ ಬಾಗಿಲಲ್ಲೇ ಕೈ ಮುಗಿದರು. "ನೀವು ಒಳಗಿದ್ರ ಹುಡುಗ್ರು ನಿಮ್ಮನ್ನ ನೋಡ್ತಾವ, ನನ್ನ ನೋಡಂಗಿಲ್ಲ. ಮನಿಗಿ ನಡೀರಿ."

ಆಗ ನನಗೆ ಹೊಳೆದದ್ದು ಸಂಚಿ. ನಾಲ್ಕು ಅರೆಯದ್ದು, ದಾರ ಎಳೆದರೆ ಬಾಯಿ ಮುಚ್ಚುವಂಥದ್ದು. ಎಲೆ, ಅಡಿಕೆ, ಸುಣ್ಣದ ಡಬ್ಬಿ ಎಲ್ಲ ಅದರಲ್ಲೇ. ಸೊಂಟದಿಂದ ಬಿಚ್ಚಿ ಅವಳ ತೊಡೆಯ ಮೇಲಿಟ್ಟೆ.

"ಇದನ್ನ ಬಿಟ್ಟು ನಾ ಎಲ್ಲಿಗಾದ್ರೂ ಹೋಗೀನೇನು?"

ಅವಳು ಯೋಚಿಸಿದಳು. ಹಿಂದೊಮ್ಮೆ ಸಿರುಗುಪ್ಪಕ್ಕೆ ಹೊರಟವಳು ಸಂಚಿ ಮರೆತೆನೆಂದು ಊರು ದಾಟುವ ಮೊದಲೇ ಬಸ್ಸು ನಿಲ್ಲಿಸಿ ಇಳಿದಿದ್ದೆ. ಆ ಕತೆ ಅವಳಿಗೂ ಗೊತ್ತು.

"ಇಲ್ಲ," ಎಂದಳು.

"ಮತ್ತ? ಇದು ನಿನ್ನ ಕಡೆ ಒತ್ತಿ ಇರ್ಲಿ. ಇದಕ್ಕಾದ್ರೂ ನಾ ಬರಬೇಕಲ್ಲ."

"ಬ್ಯಾರೇರ ಕಡೆ ಎಲಿ ಇಸ್ಕೊಂಡು ತಿನ್ನಬಾರ್ದು."

"ತಿನ್ನಲ್ಲ ತಗೋ."

ಸೆರಗು ಬಿಟ್ಟಳು. ನಾನು ಗೆದ್ದೆನೆಂದು ಮನೆಗೆ ಬಂದೆ. ಒಂದು ತಾಸಿನಲ್ಲಿ ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿತು. ಪಕ್ಕದ ಮನೆಯ ಗೆಳತಿ, ಅರ್ಧ ತೆಲುಗು ಅರ್ಧ ಕನ್ನಡದವಳು, ಕಟ್ಟೆಯಿಂದಲೇ ಕೇಳಿದಳು: "ಏಮಮ್ಮಾ, ಮುಖ ಯಾಕ ಹಂಗೈತಿ?" ಹೇಳಿದೆ. "ಒಂದೆಲಿ ಹಾಕ್ಕೋ. ಆ ಕೂಸಿಗೇನು ಗೊತ್ತಾಕೈತಿ?" ಎಂದು ಮಡಿಚಿದ ಎಲೆ ಮುಂದೆ ಹಿಡಿದಳು. ಹಾಕಿಕೊಂಡೆ. ಮೂರು ಸಲ ಬಾಯಿ ಮುಕ್ಕಳಿಸಿ ಸಂಜೆ ಸಾಲಿಗೆ ಹೋದೆ.

ಬಾಗಿಲಲ್ಲಿ ಸಂಚಿ ಎದೆಗವಚಿಕೊಂಡು ನಿಂತಿದ್ದಳು.

"ನಾಲಿಗಿ ತೋರ್ಸು."

ತೋರಿಸಿದೆ. ಏನು ಮಾಡಲಿ, ನಾಲಿಗೆ ಕೆಂಪಗೆ ದಾಸವಾಳದಂತಿತ್ತು.

"ಸಂಚಿ ಇಲ್ದನೂ ಇರ್ತಿ ನೀನು," ಎಂದಳು. ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. "ಹಂಗಾರ ನನ್ನ ಬಿಟ್ಟೂ ಹೋಗ್ತಿ."

ಮಾರನೆಯ ದಿನ, ಶುಕ್ರವಾರ, ಜಪ್ಪಯ್ಯ ಎಂದರೂ ಸಾಲಿಗೆ ಏಳಲಿಲ್ಲ. ಕಂಬ ಹಿಡಿದು ಕೂತಳು. ಸೋಮವಾರಕ್ಕೆ ಉಳಿದದ್ದು ಎಷ್ಟೆಂದು ಬೆರಳು ಮಡಿಚುತ್ತಾ ನಾನೂ ಕೂತೆ. ಒಂದು ಎಲೆಯ ಆಸೆಗೆ ಹುಡುಗಿಯ ಸಾಲಿಯನ್ನೇ ಅಗಿದುಬಿಟ್ಟೆನಲ್ಲ ಎಂದು ನನ್ನ ಬಾಯಿಗೆ ನಾನೇ ಬೈದುಕೊಂಡೆ.

ಶನಿವಾರ ಬೆಳಿಗ್ಗೆ ನಾನು ಹಣೆಗೆ ಈಬತ್ತಿ ಹಚ್ಚಿಕೊಳ್ಳುವಾಗ ಹತ್ತಿರ ಬಂದಳು.

"ಈಬತ್ತಿ ಮುಟ್ಟಿ ಹೇಳು. ಸಾಲಿ ಬಿಡೋತನಕ ತಿನ್ನಲ್ಲ ಅಂತ."

ಮುಟ್ಟಿ ಹೇಳಿದೆ. ಸಂಚಿ ತೆಗೆದುಕೊಂಡು ಮುಂದೆ ನಡೆದಳು, ನಾನು ಹಿಂದೆ.

ಅವತ್ತು ಅರ್ಧ ದಿನದ ಸಾಲಿ. ಆ ಅರ್ಧ ದಿನ ನಾನು ಪಟ್ಟದ್ದು ನನಗೇ ಗೊತ್ತು. ಮಂಡಕ್ಕಿ ತಿಂದೆ, ಬೆಲ್ಲ ತಿಂದೆ, ತೊಳೆದ ಪಾತ್ರೆಗಳನ್ನು ಮತ್ತೆ ತೊಳೆದೆ. ಗೆಳತಿ ಕಟ್ಟೆಗೆ ಬಂದ ಕೂಡಲೇ ಬಾಗಿಲು ಹಾಕಿಕೊಂಡೆ. ಸಾಲಿ ಬಿಟ್ಟಾಗ ಹೋಗಿ, ಕೇಳುವ ಮೊದಲೇ ನಾಲಿಗೆ ಚಾಚಿದೆ. ಅವಳ ಹಿಂದೆ ಹತ್ತು ಹನ್ನೆರಡು ಮಕ್ಕಳು ಸಾಲಾಗಿ ನಿಂತು ಒಂದೊಂದೇ ನೋಡಿ ಹೋದವು.

"ಬೆಳ್ಳಗೈತಿ," ಎಂದು ತೀರ್ಪು ಕೊಟ್ಟು ನನ್ನ ಕೈ ಹಿಡಿದಳು.

ಮನೆಗೆ ಬಂದು ಸಂಚಿ ಬಿಚ್ಚಿದರೆ ಎರಡು ಎಲೆ ಕಡಿಮೆ. ಈ ಸಲ ನಾನು ಅವಳ ನಾಲಿಗೆ ತೋರಿಸಲು ಹೇಳಿದೆ. ಮಲ್ಲಿಗೆಯಂತಿತ್ತು. ಎಲೆ ಎಲ್ಲಿ ಹೋದವು ಎಂದರೆ ಬಾಯಿ ಬಿಡಲಿಲ್ಲ.

ಸೋಮವಾರ ಮಧ್ಯಾಹ್ನ ಅಳಿಯಂದಿರು ಬಂದೇ ಬಂದರು. "ಕುಂತಾಳೇನ್ರಿ?" ಎಂದರು. "ನೀವೇ ನೋಡ್ರಿ ಬರ್ರಿ," ಎಂದು ಕರೆದುಕೊಂಡು ಹೋದೆ. ಕಿಟಕಿಯಲ್ಲಿ ಇಣುಕಿದೆವು.

ಮೇಷ್ಟ್ರು ಕುರ್ಚಿಯಿಂದ ಅವಳ ಕಡೆ ಬಾಗಿ, ಮೆಲ್ಲಗೆ, "ಒಂದೆಲಿ ಕೊಡವ್ವಾ," ಎನ್ನುತ್ತಿದ್ದಾರೆ. ನಮ್ಮ ಹುಡುಗಿ ಸಂಚಿಯ ದಾರ ಗಟ್ಟಿಯಾಗಿ ಹಿಡಿದು, "ಮೊದ್ಲು ನನ್ನ ಸ್ಲೇಟು ನೋಡ್ರಿ. ಆಮ್ಯಾಲ ಎಲಿ," ಎಂದಳು. ಮೇಷ್ಟ್ರು ಕನ್ನಡಕ ಏರಿಸಿ ನೋಡಿದರು, ಒಂದು ಅಕ್ಷರ ತಿದ್ದಿದರು, ಇನ್ನೊಮ್ಮೆ ಬರೆಸಿದರು. ಆಮೇಲೆ ಅವಳು ಎಲೆ ಒರೆಸಿ, ಸುಣ್ಣ ಸವರಿ, ನನ್ನಂತೆಯೇ ಮಡಿಚಿ ಕೊಟ್ಟಳು. ಸಾಲಿಯಲ್ಲಿ ಅವಳಷ್ಟು ದೊಡ್ಡ ಮನುಷ್ಯರು ಇನ್ಯಾರೂ ಇರಲಿಲ್ಲ.

ನನ್ನ ನಗೆ ಕೇಳಿ ತಿರುಗಿದಳು. ಅಪ್ಪನನ್ನು ನೋಡಿ ಓಡಿ ಬಂದಳು.

"ನಡಿಯವ್ವಾ, ಸಿರುಗುಪ್ಪಕ್ಕ ಹೋಗಾನು," ಎಂದರು ಅವರು.

"ನಾ ಹೆಂಗ ಬರ್ಲಿ? ನಾಳಿ ಮೇಷ್ಟ್ರಿಗಿ ಎಲಿ ಯಾರು ಕೊಡ್ತಾರ?" ಸ್ವಲ್ಪ ಯೋಚಿಸಿ ಹೇಳಿದಳು: "ಬೇಕಾದ್ರ ಅಜ್ಜಿನ ಕರ್ಕೊಂಡು ಹೋಗು. ಸಂಚಿ ಇಲ್ಲೇ ಇರ್ಲಿ."

ಅಳಿಯಂದಿರು ನನ್ನ ಮುಖ ನೋಡಿದರು. ನಾನು ಬೇವಿನ ಮರ ನೋಡಿದೆ.

ಸಂಜೆ ಬಸ್ಸಿಗೆ ಕಾಯುವಾಗ ಅವರಿಗೂ ಬಾಯಿ ಒಣಗಿತು. "ಅತ್ತೀ, ಒಂದೆಲಿ ಇದ್ರ ಕೊಡ್ರಿ," ಎಂದರು.

"ನನ್ನ ಕಡೆ ಎಲ್ಲೈತಿ? ಮಗಳ ಕೇಳ್ರಿ."

ಅವಳು ಎಲೆಗಿಂತ ಮೊದಲು ಸ್ಲೇಟು ತೆಗೆದಳು. ಅವರು ಅದನ್ನು ಕೈಗೆ ತೆಗೆದುಕೊಂಡು ಕೂತರು. 'ಅ' ಇತ್ತು, 'ಆ' ಇತ್ತು, ಬಾಲ ಸ್ವಲ್ಪ ಜಾಸ್ತಿಯಾದ 'ಇ' ಇತ್ತು. ಬೆರಳಿನಿಂದ ಒಂದೊಂದರ ಮೇಲೂ ಹೋದರು, ಅಳಿಸದಂತೆ. ಬಸ್ಸು ಬಂತು, ಇನ್ನೂ ನೋಡುತ್ತಿದ್ದರು.

"ಸರಿ ಅದಾವೇನಪ್ಪಾ?"

"ಸರಿ ಅದಾವವ್ವಾ," ಎಂದು ಅವಳು ಮಡಿಚಿ ಕೊಟ್ಟ ಎಲೆ ಬಾಯಿಗೆ ಹಾಕಿಕೊಂಡು, ಒಬ್ಬರೇ ಬಸ್ಸು ಹತ್ತಿದರು.