ವಿಭೂತಿಯ ಕೆಳಗಿನ ಗುಳ್ಳೆ

ಭಾವ, ನಿಮ್ಮ ಹಣೆಯ ಗುಳ್ಳೆ ಏನೆಂದು ಡಾಕ್ಟರು ನನಗೆ ಅಂದೇ ಹೇಳಿದ್ದರು. ನಾನು ನಿಮಗೆ ಹೇಳಲಿಲ್ಲ. ಅದು ಉಷ್ಣದ ಗುಳ್ಳೆ ಎಂದದ್ದು ಆ ಡಾಕ್ಟರಲ್ಲ — ಗಾಂಧಿ ಬಜಾರಿನ ಜವಳಿ ವ್ಯಾಪಾರಿ, ನಿಮ್ಮ ಹೆಂಡತಿಯ ಒಡಹುಟ್ಟಿದ ತಮ್ಮ, ನಾನು. ವೈದ್ಯಶಾಸ್ತ್ರದಲ್ಲಿ ನನ್ನ ಅರ್ಹತೆ ಇಷ್ಟೇ: ಒಮ್ಮೆ ಅವರಿಗೆ ಕೋಟಿನ ಬಟ್ಟೆ ಅಳೆದುಕೊಟ್ಟಿದ್ದೆ.

ನಯಾಪೈಸೆ ಹೊಸದಾಗಿ ಬಂದಿದ್ದ ಕಾಲ. ನಿಮ್ಮ ಬಲಹುಬ್ಬಿನ ಮೇಲೆ ಹೆಸರುಕಾಳಿನಷ್ಟು ಕಪ್ಪು ಗುಳ್ಳೆ, ಅಂಚಿನಲ್ಲಿ ಮುತ್ತಿನ ಹೊಳಪು. ನೋವಿಲ್ಲ, ತುರಿಕೆಯಿಲ್ಲ. ಹಕ್ಕಳೆ ಕಟ್ಟುವುದು, ಉದುರುವುದು, ಒಂದು ಹನಿ ರಕ್ತ, ಮತ್ತೆ ಹಕ್ಕಳೆ. ವರ್ಷವಿಡೀ ಕಬ್ಬಿನ ಗದ್ದೆಯ ಬಿಸಿಲಲ್ಲಿ ನಿಲ್ಲುವವನಿಗೆ ಇದೊಂದು ಲೆಕ್ಕವೇ ಎಂದು ನೀವು ನಕ್ಕಿರಿ. ಅಕ್ಕನ ಕಾಟಕ್ಕೆ ಭದ್ರಾವತಿಯಿಂದ ನಮ್ಮೂರಿಗೆ ಬಂದಿರಿ. ಡಾಕ್ಟರಲ್ಲಿಗೆ ಕರೆದೊಯ್ಯುವ ಘನಕಾರ್ಯ ನನ್ನ ಪಾಲಿಗೆ ಬಂತು.

ನಮ್ಮಲ್ಲಿನ ಪದ್ಧತಿ ನಿಮಗೆ ಗೊತ್ತು — ರೋಗ ಯಾರದೇ ಇರಲಿ, ಅದರ ಹೆಸರು ಹೇಳುವುದು ಜೊತೆಗೆ ಬಂದವನಿಗೆ. ನಿಮ್ಮನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ನನ್ನನ್ನು ಒಳಗೆ ಕರೆದರು. ಚರ್ಮದ ಕ್ಯಾನ್ಸರ್ ಎಂದರು. ಆಮೇಲೂ ಅವರು ಬಹಳ ಹೊತ್ತು ಮಾತಾಡಿದರು. ನಾನು ಕೇಳಲಿಲ್ಲ — ಕೇಳಿಸಲಿಲ್ಲ ಎನ್ನಲಾರೆ, ಕೇಳಲಿಲ್ಲ. ನನ್ನ ಮನಸ್ಸು ಆಗಲೇ ನಿಮ್ಮ ಸಮಾಧಿಗೆ ಜಾಗ ನೋಡುತ್ತಿತ್ತು.

ನಿಮ್ಮನ್ನು ಮನೆ ಮುಟ್ಟಿಸಲು ನಾನೂ ಬಸ್ಸು ಹತ್ತಿದೆ. ಮಲವಗೊಪ್ಪ ದಾಟುವಾಗ ನೀವು ಕೇಳಿದಿರಿ: "ಏನಂದ್ರೋ ಡಾಕ್ಟ್ರು? ಹರಳೆಣ್ಣೆ ಕುಡಿದೋನ ಹಾಗೆ ಕೂತಿದ್ದೀಯಲ್ಲ ಮಾರಾಯ!"

"ಉಷ್ಣ ಅಂತೆ ಭಾವ. ವಿಭೂತಿ ಹಚ್ಕೊಳ್ಳಿ, ತಂಪಾಗುತ್ತೆ."

ವಿಭೂತಿ ಹೇಗೂ ನಿಮ್ಮ ನಿತ್ಯದ್ದು. ಗುಳ್ಳೆ ಹರಡಿದಂತೆ ಪಟ್ಟೆಗಳೂ ಅಗಲವಾದವು. ಭದ್ರಾವತಿಯ ಓಲ್ಡ್ ಟೌನಿನಲ್ಲಿ ಸುದ್ದಿ ಹಬ್ಬಿತು — ಗುರುಬಸಪ್ಪನವರಿಗೆ ವೈರಾಗ್ಯ ಬಂದಿದೆ. ಇಸ್ಪೀಟಿನಲ್ಲಿ ಎಲೆ ಕದಿಯುವ ಗುರುಬಸಪ್ಪನವರಿಗೆ! ಅಂಗಡಿಯವರು ಎದ್ದು ನಿಂತರು, ಹೊಸ ಸೊಸೆಯರು ಕಾಲಿಗೆ ಬಿದ್ದರು. "ನೋಡೋ, ಏನೂ ಮಾಡದೇನೆ ದೊಡ್ಡ ಮನುಷ್ಯ ಆಗ್ಬಿಟ್ಟೆ" ಎಂದು ನೀವು ನನ್ನ ತೊಡೆ ತಟ್ಟಿ ನಕ್ಕಿರಿ. ನಾನೂ ನಕ್ಕೆ. ನಗುತ್ತಲೇ, ಆ ಪಟ್ಟೆ ನಿಮ್ಮ ಕಣ್ಣಿಗೆ ಎಷ್ಟು ಹತ್ತಿರ ಬಂತೆಂದು ಅಳೆಯುತ್ತಿದ್ದೆ. ಅಕ್ಕನಿಗಾದರೂ ಹೇಳಬಹುದಿತ್ತು. ಹೇಳಿದರೆ ಅವಳ ಮುಖ ನೋಡಬೇಕಲ್ಲ —

ಮರುವರ್ಷದ ದೀಪಾವಳಿಗೆ ಅವಳೇ ನೋಡಿದಳು. "ಇದೇನ್ರೀ, ರೆಪ್ಪೆ ಮೇಲೂ ವಿಭೂತಿ? ಶಿವನಿಗೇ ಇಷ್ಟು ಬೇಡ. ತೊಳ್ಕೊಂಡು ಬನ್ನಿ!" ತೊಳೆದ ಮುಖ ನೋಡಿದವಳೇ ನಿಮ್ಮನ್ನು ಮತ್ತೆ ಆಸ್ಪತ್ರೆಗೆ ಹೊರಡಿಸಿದಳು.

ಮೊದಲಿನ ಡಾಕ್ಟರಿಗೆ ಅಷ್ಟರಲ್ಲಿ ವರ್ಗವಾಗಿತ್ತು. ಹೊಸ ಸರ್ಜನ್ನರ ಬಳಿ ಈ ಸಲ ಕಿವಿಗೊಟ್ಟು ನಿಂತೆ. "ಇದು ಸಾಮಾನ್ಯವಾಗಿ ಬರೋ ಜಾತಿ. ಚರ್ಮದ ಮೇಲ್ಪದರದ ತಳದಲ್ಲಿ ಹುಟ್ಟುತ್ತೆ, ನಿಧಾನ ಬೆಳೆಯುತ್ತೆ, ಮೈಯೆಲ್ಲಾ ಹರಡೋದು ಬಹಳ ಅಪರೂಪ. ಆದರೆ ಬಿಟ್ಟರೆ ಇದ್ದಲ್ಲೇ ತಿನ್ಕೊಂಡು ಹೋಗುತ್ತೆ — ಚರ್ಮ, ಮೂಳೆ, ಕಣ್ಣು. ಪೂರ್ತಿ ತೆಗೆದರೆ ಮುಗೀತು. ಮೊದಲೇ ಬಂದಿದ್ರೆ ಸಣ್ಣ ಕೆಲಸ."

ಪೂರ್ತಿ ತೆಗೆದರೆ ಮುಗೀತು — ಹಳೆಯ ಡಾಕ್ಟರೂ ಅದನ್ನೇ ಹೇಳಿದ್ದರು. ಆಗ ನೆನಪಾಯಿತು.

"ಮೊದಲೇ ತೋರಿಸಿದ್ವಿ ಸ್ವಾಮಿ" ಎಂದಿರಿ ನೀವು. "ಆ ಡಾಕ್ಟ್ರು ಉಷ್ಣ ಅಂದ್ಬಿಟ್ರು." ನಾನು ಗೋಡೆಯ ಕ್ಯಾಲೆಂಡರನ್ನು ಬಹಳ ಭಕ್ತಿಯಿಂದ ನೋಡುತ್ತಿದ್ದೆ.

ಹುಬ್ಬು ಹೋಯಿತು. ಕಣ್ಣು ಉಳಿದಿದೆಯೇ ಎಂದು ಪಟ್ಟಿ ಬಿಚ್ಚುವವರೆಗೆ ಯಾರಿಗೂ ಗೊತ್ತಿರಲಿಲ್ಲ. ಬಿಚ್ಚಿದರು. ನೀವು ನನ್ನನ್ನೇ ದಿಟ್ಟಿಸಿ, "ಅಯ್ಯೋ, ಈ ಕಣ್ಣಿಗೂ ಇವ್ನು ಹೀಗೇ ಕಾಣ್ತಾನಲ್ಲೇ!" ಎಂದು ಅಕ್ಕನಿಗೆ ದೂರು ಕೊಟ್ಟಿರಿ. ವಾರ್ಡೆಲ್ಲ ನಕ್ಕಿತು. ಅಂಥ ಸಂತೋಷ ನನ್ನ ಮದುವೆಯ ದಿನವೂ ಆಗಿರಲಿಲ್ಲ, ನನ್ನವಳಿಗೆ ಹೇಳಬೇಡಿ.

ಈಗ ಮದುವೆಗಳಿಗೆ ಹೋಗುವಾಗ ಅಕ್ಕ ಕಾಡಿಗೆಯಲ್ಲಿ ಹುಬ್ಬು ಬರೆಯುತ್ತಾಳೆ. ಜಗಳವಾಡಿದ ದಿನ ಒಂದು ಬೆರಳು ಮೇಲಕ್ಕೆ ಬರೆಯುತ್ತಾಳೆ. ಮುಹೂರ್ತದಿಂದ ಊಟದವರೆಗೆ ನೀವು ಆಶ್ಚರ್ಯಪಡುತ್ತಲೇ ಇರುತ್ತೀರಿ.

ಮತ್ತೆ ಪ್ರತಿ ಹಬ್ಬದಲ್ಲೂ — "ಆ ಡಾಕ್ಟ್ರು ದಡ್ಡ, ಕಣ್ಣು ಉಳ್ಸಿದೋನು ನನ್ನ ಬಾಮೈದ" ಎಂದು ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸುತ್ತೀರಿ. ತಿಂದಿದ್ದೇನೆ. ತುಪ್ಪ ಕೇಳಿ ಹಾಕಿಸಿಕೊಂಡು ತಿಂದಿದ್ದೇನೆ.

ಹೆದರಿದ್ದೆ, ನಿಜ. ಆದರೆ ಹೆದರಿದ್ದು ನಾನು, ಕೊಯ್ಯಿಸಿಕೊಂಡದ್ದು ನೀವು. ಆ ಡಾಕ್ಟರು ಎಲ್ಲಿದ್ದಾರೆಂದು ವಿಚಾರಿಸಿದ್ದೇನೆ, ಅವರಲ್ಲಿಗೂ ಹೋಗುತ್ತೇನೆ. ಮೊದಲು ನಿಮ್ಮಲ್ಲಿಗೆ. ಭಾನುವಾರ ಇದನ್ನು ನಿಮ್ಮ ಕೈಗೆ ಕೊಟ್ಟು ಎದುರಿಗೇ ಕೂರುತ್ತೇನೆ. ಎಡಗಣ್ಣು ಮುಚ್ಚಿಕೊಂಡು, ಆ ಬಲಗಣ್ಣಿನಿಂದಲೇ ಓದಿ, ಭಾವ.