ಹುರಿದು ಕೊಟ್ಟ ಬೀಜ

ನೀಲವ್ವನಿಗೆ ನಾನು ಕೊಟ್ಟದ್ದು ಸತ್ತ ಬೀಜ. ಕೊಡುವ ಮೊದಲು ಬಿಸಿ ಹಂಚಿನ ಮೇಲೆ ಆಡಿಸಿದ್ದೆ — ಸಿಪ್ಪೆಯ ಬಣ್ಣ ಕೆಡದಷ್ಟು, ಒಳಗಿನ ಜೀವ ಹೋಗುವಷ್ಟು. ಒಂದು ವರ್ಷವಲ್ಲ, ಎರಡು ವರ್ಷ.

ನೀಲವ್ವ ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ದೊಡವಾಡದಲ್ಲಿ ನಮ್ಮ ಎರಡು ಮನೆಗಳ ನಡುವೆ ಒಂದೇ ಗೋಡೆ. ಬೀಜ ನಮ್ಮ ಅತ್ತೆಯದು. ಗಳ ಹಿಡಿದು ಮಾಳಿಗೆಯ ತನಕ ಹಬ್ಬುವ ಅವರೆ. ಕಾಯಿಗೆ ನೇರಳೆ ಅಂಚು, ಕಾಳಿಗೆ ಬಿಳಿ ಹುಬ್ಬು. ಸಾಯುವ ಮುಂಚೆ ಅದನ್ನು ನನ್ನ ಉಡಿಗೆ ಹಾಕಿ, "ನೀವಿಬ್ಬರೂ ಹಿತ್ತಲದಾಗ ಹಚ್ಚಿಕೊಳ್ರಿ" ಅಂದಿದ್ದರು. ಆ ಮಾತನ್ನು ನಾನು ಯಾರಿಗೂ ಹೇಳಲಿಲ್ಲ. ನೀಲವ್ವ ತಾನೇ ಬಂದು ಬೀಜ ಕೇಳಿದಾಗ, ಇಲ್ಲವೆನ್ನಲಾಗದೆ ಹುರಿದು ಕೊಟ್ಟೆ.

ದೊಡ್ಡ ಕಾರಣವೇನೂ ಇರಲಿಲ್ಲ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಭೂತಾಯಿಗೆ ಚರಗದ ಎಡೆ ಚೆಲ್ಲಿ ಉಣ್ಣಲು ಕೂತಾಗ, ಗುರೆಳ್ಳು ಪುಡಿ ಹಾಕಿದ ನನ್ನ ಅವರೆಕಾಯಿ ಪಲ್ಯವನ್ನು ಜನ ಕೇಳಿ ಹಾಕಿಸಿಕೊಳ್ಳುತ್ತಿದ್ದರು. ನೀಲವ್ವನ ಕೈರುಚಿ ನನಗಿಂತ ಮೇಲು. ಬೀಜವೂ ಅವಳ ಪಾಲಾದರೆ ನನಗೇನು ಉಳಿದೀತು? ಇಷ್ಟೇ. ಒಂದು ಪಲ್ಯದ ಹೊಗಳಿಕೆಗೆ — ಥೂ, ಬರೆಯಲೂ ನಾಚಿಕೆ.

ಎರಡು ವರ್ಷ ಅವಳ ಹಿತ್ತಲಲ್ಲಿ ಒಂದು ಕಾಳೂ ಹುಟ್ಟಲಿಲ್ಲ. ಎರಡನೆಯ ವರ್ಷ ಅವರ ಹೊಲದ ಹೆಸರುಕಾಳಿನ ಬೆಳೆಯೂ ಸರಿಯಾಗಿ ಏಳಲಿಲ್ಲ. ಬಿತ್ತಿದ ಮರುದಿನವೇ ಜಡಿಮಳೆ ಹೊಡೆದು ಮೇಲ್ಮಣ್ಣು ಗಟ್ಟಿಯಾಗಿತ್ತು, ಅಷ್ಟೆ. ಮೈದುನ ಎರಡನ್ನೂ ಗಂಟು ಹಾಕಿದ. ಕೂರಿಗೆಯ ಹಿಂದೆ ನಡೆಯುತ್ತ ಕಾಳು ಬಿಡುವುದು ಮನೆಯ ಹೆಣ್ಣಿನ ಕೆಲಸ, ಅವಳ ಮಾನವೂ ಹೌದು. ಮುಂದಿನ ಬಿತ್ತನೆಗೆ ಅವನು ನಮ್ಮ ಬಾಗಿಲಿಗೆ ಬಂದ.

"ವೈನಿ, ನೀವ ಬರ್ರಿ. ಆಕಿ ಕೈಗುಣ ಚಲೋ ಇಲ್ಲ."

ಆಗಲಾದರೂ ಬಾಯಿ ಬಿಡಬೇಕಿತ್ತು. ನಾನು — ಸೆರಗು ಕಟ್ಟಿಕೊಂಡು ಹೋದೆ. ನೀಲವ್ವ ನೀರಿನ ಕೊಡ ಹಿಡಿದು ಬದುವಿನ ಮೇಲೆ ನಿಂತಿದ್ದಳು. ಅಂದಿನಿಂದ ಪ್ರತಿ ವರ್ಷ ಅವಳ ಹೊಲದಲ್ಲಿ ಕಾಳು ಬಿಡುವವಳು ನಾನು. ಅವಳೀಗ ತುಳಸಿ ಸಸಿಯನ್ನೂ ಮಗಳ ಕೈಯಿಂದಲೇ ನೆಡಿಸುತ್ತಾಳೆ.

ಹೋದ ವರ್ಷ ನನ್ನ ಬಳ್ಳಿಗೆ ಹೇನು ಬಿದ್ದು, ಕಾಯಿ ಕಟ್ಟುವ ಮೊದಲೇ ಒಣಗಿತು. ಡಬ್ಬಿಯಲ್ಲಿದ್ದ ಬೀಜಕ್ಕೆ ನುಸಿ ಹತ್ತಿತ್ತು. ಸವದತ್ತಿ ಸಂತೆಯನ್ನೆಲ್ಲ ತಿರುಗಿದೆ. ಸಿಕ್ಕಿದ್ದು ಮೊಳಕಾಲೆತ್ತರಕ್ಕೆ ನಿಲ್ಲುವ ಪಾಕೀಟಿನ ಜಾತಿ. ಯಾರ ಹಿತ್ತಲಲ್ಲೂ ಅತ್ತೆಯ ಅವರೆ ಇರಲಿಲ್ಲ. ಹೇಗಿದ್ದೀತು? ಜೀವವಿದ್ದ ಬೀಜವನ್ನು ನಾನು ಯಾರಿಗೆ ಕೊಟ್ಟಿದ್ದೆ?

ಈ ಸಲ ಮೊದಲ ಮಳೆ ಬಿದ್ದ ಮೇಲೆ ನೀಲವ್ವ ಒಂದು ಸಣ್ಣ ಗಂಟು ತಂದಳು.

"ಅಕ್ಕಾ, ನೀ ಕೊಟ್ಟದ್ದರಾಗ ಒಂದ ಹಿಡಿ ಬೂದಿ ಹಚ್ಚಿ ತಗದಿಟ್ಟಿದ್ನಿ. ಅತ್ತಿ ಬೀಜ ಹೋಗಬಾರ್ದಲ್ಲ. ನಿನ್ನ ಕೈಯಾಗರ ಹುಟ್ಲಿ."

ಬಿಚ್ಚಿ ನೋಡಿದೆ. ಬಿಳಿ ಹುಬ್ಬು ಹಾಗೇ ಇತ್ತು. ನಾನೇ ಕೊಂದ ಕಾಳುಗಳನ್ನು ಅವಳು ಇಷ್ಟು ವರ್ಷ ಜೋಪಾನ ಮಾಡಿದ್ದಳು. ಆಗಲೂ ಅವಳ ಎದುರಿಗೇ ಮಣ್ಣು ಕೆದರಿ ಅವನ್ನು ಊರಿದೆ.

ದಿನಾ ಬೆಳಿಗ್ಗೆ ಬಂದು ನೀರು ಹಾಕುತ್ತಾಳೆ, ಬಾಗಿ ನೋಡುತ್ತಾಳೆ. ಇವತ್ತು ದೂರದಲ್ಲೇ ನಿಂತು ತಂಬಿಗೆಯನ್ನು ನನ್ನ ಕೈಗೆ ಕೊಟ್ಟಳು.

"ನಾ ಹತ್ರ ಬರೂದಕ್ಕ ಹುಟ್ಟವಲ್ಲವೇನೋ, ಅಕ್ಕಾ. ನೀನ ಹಾಕು."

ನಾಡಿದ್ದು ಅವರ ಹೊಲದ ಬಿತ್ತನೆ. ನನಗೇ ಹೇಳಿಕಳಿಸಿದ್ದಾರೆ. ಇವತ್ತು ಸಂಜೆ ಮೈದುನ ಮನೆಗೆ ಬಂದ ಮೇಲೆ, ಅವನ ಎದುರಿಗೇ ನೀಲವ್ವನಿಗೆ ಹಂಚಿನ ವಿಷಯ ಹೇಳುತ್ತೇನೆ. ಅತ್ತೆ ಆಡಿದ ಮಾತನ್ನೂ. ಅವಳು ಮತ್ತೆ ನನ್ನ ಹೊಸ್ತಿಲು ತುಳಿಯದಿದ್ದರೆ ತಪ್ಪೇನಿಲ್ಲ. ನಾಡಿದ್ದು ಕಾಳು ಅವಳ ಉಡಿಯಲ್ಲಿರಬೇಕು. ನೀರಿನ ಕೊಡ ಹಿಡಿದು ಬದುವಿನ ಮೇಲೆ ನಾನು ನಿಲ್ಲುತ್ತೇನೆ — ಅವಳು ನಿಲ್ಲಗೊಟ್ಟರೆ.